ಹುಲಿಯನ್ನು ಎಣಿಸುವ ಬಗೆ: ಡಾ. ಉಲ್ಲಾಸ ಕಾರಂತರ ಬದುಕು ಮತ್ತು ಸಂಶೋಧನೆ

ಪ್ರೌಢಶಾಲೆಯ ವಿಜ್ಞಾನದಲ್ಲಿ ವನ್ಯಜೀವಿ ಸಂರಕ್ಷಣೆಯ ಪಾಠವಿದೆ. ಗಣಿತದಲ್ಲಿ ಸಮಾನುಪಾತ, ಸಂಖ್ಯಾಶಾಸ್ತ್ರ, ಸಂಭವನೀಯತೆಗಳ ಪಾಠಗಳಿವೆ. ಒಂದು ಪಾಠವನ್ನು ವಿಜ್ಞಾನದ ಶಿಕ್ಷಕರು ಮುಗಿಸುತ್ತಾರೆ, ಇನ್ನೊಂದನ್ನು ಗಣಿತದ ಶಿಕ್ಷಕರು ಮುಗಿಸುತ್ತಾರೆ. ಎರಡಕ್ಕೂ ಇರುವ ನಂಟು ಮಕ್ಕಳ ಗಮನಕ್ಕೆ ಬರುವುದು ಅಪರೂಪ. ದೇಶದಲ್ಲಿ ಇಷ್ಟು ಹುಲಿಗಳಿವೆ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು, ಕಾಡಿನಲ್ಲಿ ಅಡಗಿರುವ ಪ್ರಾಣಿಯನ್ನು ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಈ ಪ್ರಶ್ನೆಯನ್ನೇ ತಮ್ಮ ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡವರು ಡಾ. ಕೆ. ಉಲ್ಲಾಸ ಕಾರಂತ. ಅವರ ಸಂಶೋಧನೆಯನ್ನು ತರಗತಿಗೆ ಒಯ್ಯಲು ನೆರವಾಗುವಂತೆ ಅದರ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಅವರ ಮುಖ್ಯ ಕಾರ್ಯಕ್ಷೇತ್ರವಾದ ನಾಗರಹೊಳೆಯು ಗಡಿನಾಡಿನ ಶಾಲೆಗಳಿಗೆ ದೂರದ ಊರಲ್ಲ. ನಾಗರಹೊಳೆ, ಬಂಡೀಪುರ, ಕೇರಳದ ವಯನಾಡು, ತಮಿಳುನಾಡಿನ ಮುದುಮಲೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡ ಕಾಡುಗಳು. 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಲದ ಭಾಗಗಳು. ತಾಳವಾಡಿಯ ಸುತ್ತಲಿನ ಸತ್ಯಮಂಗಲದ ಕಾಡು ಬಿಳಿಗಿರಿರಂಗನ ಬೆಟ್ಟಕ್ಕೆ ತಾಗಿಕೊಂಡಿದೆ. ರಾಜ್ಯಗಳ ಗಡಿ ಭೂಪಟದಲ್ಲಿದೆ. ಹುಲಿಗೆ ಅದರ ಗೊಡವೆಯಿಲ್ಲ.

ಎಂಜಿನಿಯರಿಂಗ್‌ನಿಂದ ಕಾಡಿನೆಡೆಗೆ

ಉಲ್ಲಾಸ ಕಾರಂತರು ಹುಟ್ಟಿದ್ದು 1948ರಲ್ಲಿ. ಬೆಳೆದದ್ದು ಕಾಸರಗೋಡಿನ ನೆರೆಯ ಪುತ್ತೂರಿನಲ್ಲಿ. ತಂದೆ ಕೋಟ ಶಿವರಾಮ ಕಾರಂತರು. ಕಾದಂಬರಿಕಾರರಾಗಿ, ಜ್ಞಾನಪೀಠ ಪುರಸ್ಕೃತರಾಗಿ ಪ್ರಸಿದ್ಧರಾದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ವಿಜ್ಞಾನವನ್ನು ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ತಲುಪಿಸಿದವರೂ ಹೌದು.

ಮಗ ಮೊದಲು ಹಿಡಿದ ದಾರಿ ಬೇರೆಯದು. ಸುರತ್ಕಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಕೆಲವು ವರ್ಷ ಆ ವೃತ್ತಿಯಲ್ಲಿದ್ದರು. ಬಳಿಕ ನಾಗರಹೊಳೆಯ ಸಮೀಪ ಕೃಷಿಯಲ್ಲಿ ತೊಡಗಿ, ಬಿಡುವಿನ ವೇಳೆಯನ್ನೆಲ್ಲ ಕಾಡು ನೋಡುವುದಕ್ಕೆ ಮೀಸಲಿಟ್ಟರು. 1960ರ ದಶಕದಲ್ಲಿ ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳ ಅಧ್ಯಯನ ನಡೆಸಿದ್ದರು. ಕೋವಿ ಹಿಡಿಯದೆ, ನೋಟ್‌ಪುಸ್ತಕ ಹಿಡಿದು ಹುಲಿಯ ಬೆನ್ನು ಹತ್ತಬಹುದು ಎಂಬುದನ್ನು ತೋರಿಸಿದ ಆ ಅಧ್ಯಯನವು ತರುಣ ಕಾರಂತರ ಮೇಲೆ ಗಾಢ ಪ್ರಭಾವ ಬೀರಿತು.

ಹವ್ಯಾಸ ವೃತ್ತಿಯಾಗಬೇಕಾದರೆ ತರಬೇತಿ ಬೇಕು. ಮೂವತ್ತು ದಾಟಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಾದರು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಪರಿಸರಶಾಸ್ತ್ರವನ್ನು ಅಭ್ಯಾಸ ಮಾಡಿ 1988ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನೇಪಾಳದ ಚಿತವನದಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ ಅಧ್ಯಯನ ಮಾಡಿದ್ದ ಮೆಲ್ ಸಂಕ್ವಿಸ್ಟ್ ಅಲ್ಲಿ ಅವರ ಮಾರ್ಗದರ್ಶಕರಾಗಿದ್ದರು. 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ದೊರೆಯಿತು. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ ಹಾಗೂ ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಗಳ ಮೂಲಕ ಅವರ ಮುಂದಿನ ಕೆಲಸ ನಡೆಯಿತು. 2012ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಯಂತ್ರಗಳನ್ನು ಕಲಿತವರು ಕಾಡಿಗೆ ಬಂದರೆಂದು ಮೊದಲ ಕಲಿಕೆ ವ್ಯರ್ಥವಾಗಲಿಲ್ಲ. ಅಳತೆಯಲ್ಲಿ ನಿಷ್ಠೆ, ಗಣಿತದಲ್ಲಿ ಸಲಿಗೆ, ಲೆಕ್ಕ ಸರಿಹೋಗದಿದ್ದರೆ ಒಪ್ಪದಿರುವ ಹಟ, ಇವು ಎಂಜಿನಿಯರನ ಗುಣಗಳೇ.

ಹೆಜ್ಜೆಗುರುತಿನ ಗಣತಿ ಮತ್ತು ಅದರ ದೋಷ

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಹುಲಿಗಳನ್ನು ಎಣಿಸಲು ಬಳಕೆಯಾದದ್ದು ಹೆಜ್ಜೆಗುರುತಿನ ವಿಧಾನ. ಒಡಿಶಾದ ಅರಣ್ಯಾಧಿಕಾರಿ ಎಸ್. ಆರ್. ಚೌಧರಿ ಅವರು 1960ರ ದಶಕದಲ್ಲಿ ಇದನ್ನು ರೂಪಿಸಿದ್ದರು. ಅರಣ್ಯ ಸಿಬ್ಬಂದಿ ಕಾಡಿನ ದಾರಿಗಳಲ್ಲಿ ನಡೆದು, ಕಂಡ ಹೆಜ್ಜೆಗುರುತನ್ನು ಗಾಜಿನ ಹಲಗೆಯ ಮೇಲೆ ನಕಲು ಮಾಡಿಕೊಳ್ಳುತ್ತಿದ್ದರು. ಕೆಲವೆಡೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತಿದ್ದರು. ಪ್ರತಿಯೊಂದು ಹುಲಿಯ ಹೆಜ್ಜೆಯೂ ಬೇರೆ, ಅನುಭವಿಯ ಕಣ್ಣಿಗೆ ಅದು ಗುರುತು ಸಿಗುತ್ತದೆ, ಕಾಡಿನ ಎಲ್ಲ ಹುಲಿಗಳ ಹೆಜ್ಜೆಯೂ ಕೈಗೆ ಸಿಗುತ್ತದೆ ಎಂಬ ಮೂರು ನಂಬಿಕೆಗಳ ಮೇಲೆ ಈ ವಿಧಾನ ನಿಂತಿತ್ತು.

ಕಾರಂತರು 1987ರಲ್ಲೇ ಈ ಮೂರನ್ನೂ ಪ್ರಶ್ನಿಸಿ ವಿಮರ್ಶಾ ಲೇಖನ ಪ್ರಕಟಿಸಿದರು. ಒಂದೇ ಹುಲಿಯ ಹೆಜ್ಜೆ ಒಣ ಧೂಳಿನಲ್ಲಿ ಒಂದು ರೂಪದಲ್ಲಿಯೂ ಹಸಿ ಮಣ್ಣಿನಲ್ಲಿ ಇನ್ನೊಂದು ರೂಪದಲ್ಲಿಯೂ ಮೂಡುತ್ತದೆ. ಹುಲಿ ಮೆಲ್ಲನೆ ನಡೆದಾಗಿನ ಗುರುತು ಓಡಿದಾಗಿನಂತೆ ಇರುವುದಿಲ್ಲ. ಕಲ್ಲುನೆಲದಲ್ಲಿ, ದಪ್ಪ ತರಗೆಲೆ ಹಾಸಿದ ಕಾಡಿನಲ್ಲಿ ಗುರುತೇ ಮೂಡದು. ಆದ್ದರಿಂದ ಒಂದು ಹುಲಿ ಎರಡಾಗಿ ಲೆಕ್ಕಕ್ಕೆ ಬರಬಹುದು. ಎರಡು ಹುಲಿ ಒಂದಾಗಬಹುದು. ಕೆಲವು ಲೆಕ್ಕಕ್ಕೇ ಬಾರದೆ ಉಳಿಯಬಹುದು.

ಇಲ್ಲಿ ಶಿಕ್ಷಕರಿಗೆ ಪರಿಚಿತವಾದ ಒಂದು ಹೋಲಿಕೆಯನ್ನು ಬಳಸಬಹುದು. ಹಾಜರಿ ಪುಸ್ತಕದಲ್ಲಿ ಹೆಸರು ಕರೆದರೆ ಮಗು ‘ಬಂದಿದ್ದೇನೆ’ ಎನ್ನುತ್ತದೆ. ಉತ್ತರ ಬಾರದಿದ್ದರೆ ಗೈರುಹಾಜರಿ ಎಂದು ಬರೆಯುತ್ತೇವೆ. ಹುಲಿಯ ವಿಷಯದಲ್ಲಿ ಹೆಸರಿನ ಪಟ್ಟಿಯಿಲ್ಲ, ಕರೆದರೆ ಉತ್ತರವೂ ಇಲ್ಲ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದೂ ಹೇಳುವಂತಿಲ್ಲ. ಎಷ್ಟು ಕಂಡವು ಎಂಬುದು ಒಂದು ಪ್ರಶ್ನೆ. ಇರುವವುಗಳಲ್ಲಿ ಎಷ್ಟು ಪಾಲು ಕಂಡವು ಎಂಬುದು ಮತ್ತೊಂದು ಪ್ರಶ್ನೆ. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದೆ ಮೊದಲನೆಯದರ ಉತ್ತರಕ್ಕೆ ಅರ್ಥವಿಲ್ಲ. ಕಾರಂತರ ಸಂಶೋಧನೆಯ ತಿರುಳು ಇದೇ.

ಹುಲಿಪಟ್ಟೆಯ ಸಾಕ್ಷ್ಯ

ಹುಲಿಯ ಮೈಮೇಲಿನ ಪಟ್ಟೆಗಳು ಮನುಷ್ಯನ ಹೆಬ್ಬೆಟ್ಟಿನ ಗುರುತಿನಂತೆ. ಒಂದು ಹುಲಿಯದು ಇನ್ನೊಂದರಂತಿಲ್ಲ. ಎಡಮಗ್ಗುಲಿನ ವಿನ್ಯಾಸ ಬಲಮಗ್ಗುಲಿನಲ್ಲಿಯೂ ಇರುವುದಿಲ್ಲ. 1920ರ ದಶಕದಲ್ಲಿಯೇ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹಾದಿಗೆ ತಂತಿ ಕಟ್ಟಿ, ಪ್ರಾಣಿ ಅದನ್ನು ತಾಕಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳಿಂದ ಉತ್ತರ ಭಾರತದ ಕಾಡುಗಳಲ್ಲಿ ಹುಲಿಗಳ ಚಿತ್ರ ತೆಗೆದಿದ್ದರು. 1990ರ ದಶಕದಲ್ಲಿ ಕಾರಂತರು ಇದರ ಆಧುನಿಕ ರೂಪವಾದ ಕ್ಯಾಮೆರಾ ಟ್ರ್ಯಾಪನ್ನು ನಾಗರಹೊಳೆಯಲ್ಲಿ ಬಳಸಿದರು. ಹುಲಿ ನಡೆಯುವ ಹಾದಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇರುತ್ತದೆ. ಹುಲಿ ನಡುವೆ ಹಾದಾಗ ಎರಡು ಮಗ್ಗುಲುಗಳ ಚಿತ್ರವೂ ಒಮ್ಮೆಗೇ ಸಿಗುತ್ತದೆ.

ಚಿತ್ರ ಸಿಕ್ಕರೆ ಸಾಲದು, ಅದನ್ನು ಓದುವ ಗಣಿತವೂ ಬೇಕು. ಇಲ್ಲಿ ನೆರವಿಗೆ ಬಂದದ್ದು ಗುರುತಿಸಿ ಮರಳಿ ಹಿಡಿಯುವ ವಿಧಾನ. ಡೆನ್ಮಾರ್ಕಿನ ಪೀಟರ್ಸನ್ ಮೀನುಗಳ ಅಧ್ಯಯನದಲ್ಲಿ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ವಿಷಯದಲ್ಲಿ ಬಳಸಿದ ಲೆಕ್ಕವಿದು. ಇದರ ತರ್ಕ ಎಂಟನೆಯ ತರಗತಿಯ ಸಮಾನುಪಾತಕ್ಕಿಂತ ಕಠಿಣವಲ್ಲ.

ಒಂದು ಕಾಲ್ಪನಿಕ ಉದಾಹರಣೆ. ಒಂದು ಕಾಡಿನಲ್ಲಿ ಮೊದಲ ಸುತ್ತಿನಲ್ಲಿ 12 ಬೇರೆ ಬೇರೆ ಹುಲಿಗಳ ಚಿತ್ರ ದೊರೆಯಿತು. ಎರಡನೆಯ ಸುತ್ತಿನಲ್ಲಿ 10 ಹುಲಿಗಳು ದೊರೆತವು. ಪಟ್ಟೆಗಳನ್ನು ಹೋಲಿಸಿದಾಗ ಈ 10ರಲ್ಲಿ 6 ಹುಲಿಗಳು ಮೊದಲ ಸುತ್ತಿನಲ್ಲಿಯೂ ಸಿಕ್ಕವೇ ಎಂದು ತಿಳಿಯಿತು. ಅಂದರೆ ಎರಡನೆಯ ಸುತ್ತಿನಲ್ಲಿ ಸಿಕ್ಕವುಗಳಲ್ಲಿ ಹತ್ತಕ್ಕೆ ಆರು ಪಾಲು ಮೊದಲೇ ಗುರುತಾದವು. ಇಡೀ ಕಾಡಿನಲ್ಲಿಯೂ ಇದೇ ಪ್ರಮಾಣವಿದ್ದರೆ, ಗುರುತಾದ 12 ಹುಲಿಗಳು ಒಟ್ಟು ಹುಲಿಗಳ ಹತ್ತಕ್ಕೆ ಆರು ಪಾಲು. ಆಗ ಒಟ್ಟು ಸಂಖ್ಯೆ 12 × 10 ÷ 6 = 20. ಎರಡೂ ಸುತ್ತು ಸೇರಿ ಚಿತ್ರಕ್ಕೆ ಸಿಕ್ಕ ಹುಲಿಗಳು 12 + 10 − 6 = 16 ಮಾತ್ರ. ಒಮ್ಮೆಯೂ ಕಾಣಿಸಿಕೊಳ್ಳದ ನಾಲ್ಕು ಹುಲಿಗಳನ್ನು ಲೆಕ್ಕ ತೋರಿಸಿಕೊಟ್ಟಿತು. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ಹೆಜ್ಜೆಯನ್ನು ಮಕ್ಕಳು ತಾವೇ ಇಡುವಂತೆ ಮಾಡಿದರೆ ಪಾಠ ಅರ್ಧ ಮುಗಿದಂತೆ.

ಆದರೆ ಈ ಸರಳ ಲೆಕ್ಕಕ್ಕೆ ಷರತ್ತುಗಳಿವೆ. ಎಣಿಕೆಯ ಅವಧಿಯಲ್ಲಿ ಹುಟ್ಟು, ಸಾವು, ವಲಸೆಗಳು ನಡೆಯಬಾರದು. ಆದ್ದರಿಂದ ಅವಧಿ ಚಿಕ್ಕದಾಗಿರಬೇಕು. ಗುರುತು ಅಳಿಯಬಾರದು, ಪಟ್ಟೆ ಅಳಿಯುವುದಿಲ್ಲವಾದ್ದರಿಂದ ಹುಲಿಗೆ ಇದು ಸಲ್ಲುತ್ತದೆ. ಎಲ್ಲ ಹುಲಿಗಳೂ ಸಮಾನವಾಗಿ ಚಿತ್ರಕ್ಕೆ ಸಿಗಬೇಕೆಂಬ ಷರತ್ತು ಮಾತ್ರ ಕಾಡಿನಲ್ಲಿ ನಿಲ್ಲುವುದಿಲ್ಲ. ವಿಶಾಲ ಪ್ರದೇಶದಲ್ಲಿ ತಿರುಗುವ ಗಂಡುಹುಲಿ ಹೆಚ್ಚು ಸಲ ಸಿಗುತ್ತದೆ. ಮರಿಗಳಿರುವ ತಾಯಿ ಅಷ್ಟು ಸುಲಭವಾಗಿ ಸಿಗದು. ಇಂಥ ಏರುಪೇರುಗಳನ್ನು ಒಳಗೊಳ್ಳುವ ಸಂಖ್ಯಾಶಾಸ್ತ್ರೀಯ ಮಾದರಿಗಳು ಬೇಕಾದವು. ಈ ಕೆಲಸದಲ್ಲಿ ಕಾರಂತರ ಜೊತೆಗೂಡಿದವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಜೇಮ್ಸ್ ನಿಕೋಲ್ಸ್.

1995ರಲ್ಲಿ ಕಾರಂತರು ಈ ವಿಧಾನದ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. 1998ರಲ್ಲಿ ಕಾರಂತ ಮತ್ತು ನಿಕೋಲ್ಸ್ ಅವರು ನಾಗರಹೊಳೆ, ಕಾನ್ಹಾ, ಪೆಂಚ್, ಕಾಜಿರಂಗ ಎಂಬ ನಾಲ್ಕು ಕಾಡುಗಳ ಫಲಿತಾಂಶಗಳನ್ನು ಒಟ್ಟಾಗಿ ಮಂಡಿಸಿದರು. ಪ್ರತಿ 100 ಚದರ ಕಿಲೋಮೀಟರಿಗೆ ಹುಲಿಗಳ ಸಾಂದ್ರತೆ 4.1ರಿಂದ 16.8ರವರೆಗೆ ಇತ್ತು. ಪ್ರತಿ ಅಂದಾಜಿನ ಜೊತೆಗೂ ಅದು ಎಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂಬ ಅಳತೆಯನ್ನೂ ಅವರು ಕೊಟ್ಟಿದ್ದರು. ತನ್ನ ಉತ್ತರ ಎಷ್ಟು ತಪ್ಪಿರಬಹುದೆಂದು ತಾನೇ ಹೇಳುವುದು ಗಟ್ಟಿ ವಿಜ್ಞಾನದ ಲಕ್ಷಣ. ಹೆಜ್ಜೆಗುರುತಿನ ಗಣತಿಯಲ್ಲಿ ಒಂದು ಸಂಖ್ಯೆ ಮಾತ್ರವಿತ್ತು. ಅದರ ದೋಷದ ಅಳತೆ ಇರಲಿಲ್ಲ.

ಹುಲಿಯ ಊಟ, ಹುಲಿಯ ಸಂಖ್ಯೆ

ಹುಲಿ ಎಷ್ಟಿದೆ ಎಂಬುದರ ಬೆನ್ನಿಗೇ ಏಕೆ ಅಷ್ಟಿದೆ ಎಂಬ ಪ್ರಶ್ನೆ ಬರುತ್ತದೆ. ನಾಗರಹೊಳೆಯಲ್ಲಿ ಕಾರಂತರು ಹುಲಿ, ಚಿರತೆಗಳಿಗೆ ರೇಡಿಯೋ ಕಾಲರ್ ತೊಡಿಸಿ ಅವುಗಳ ಚಲನೆಯನ್ನು ಹಿಂಬಾಲಿಸಿದರು. ಬೇಟೆಯ ಅವಶೇಷಗಳನ್ನೂ ಹಿಕ್ಕೆಗಳನ್ನೂ ಪರೀಕ್ಷಿಸಿದರು. ಕಾಡಿನಲ್ಲಿ ನೇರ ಗೆರೆಗಳ ಗುಂಟ ನಡೆದು, ಕಂಡ ಪ್ರಾಣಿ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆದು, ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳ ಸಾಂದ್ರತೆಯನ್ನು ಅಂದಾಜು ಮಾಡಿದರು. ದೂರದ ಪ್ರಾಣಿ ಕಣ್ಣು ತಪ್ಪುವುದು ಹೆಚ್ಚು. ಎಷ್ಟು ದೂರಕ್ಕೆ ಎಷ್ಟು ತಪ್ಪುತ್ತದೆ ಎಂದು ಲೆಕ್ಕ ಹಾಕಿ ಕಾಣದವುಗಳನ್ನೂ ಎಣಿಕೆಗೆ ಸೇರಿಸುವುದು ಇದರ ಮರ್ಮ.

ಕಾರಂತ ಮತ್ತು ಸಂಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಹುಲಿಯ ಮುಖ್ಯ ಬೇಟೆಪ್ರಾಣಿಗಳ ಸರಾಸರಿ ತೂಕ ಸುಮಾರು 92 ಕಿಲೋಗ್ರಾಂ, ಚಿರತೆಯದು 38, ಸೀಳುನಾಯಿಯದು 43. ಮೂರು ಬೇಟೆಗಾರ ಪ್ರಾಣಿಗಳು ಒಂದೇ ಕಾಡಿನಲ್ಲಿ ಬಾಳಲು ಸಾಧ್ಯವಾದದ್ದಕ್ಕೆ ಇದು ಒಂದು ಕಾರಣ. ಹುಲಿ ಕಾಟಿಯ ಮೇಲೂ ಕಡವೆಯ ಮೇಲೂ ಕಣ್ಣಿಡುತ್ತದೆ. ಉಳಿದೆರಡು ಚಿಕ್ಕ ಪ್ರಾಣಿಗಳನ್ನು ಆಶ್ರಯಿಸುತ್ತವೆ. ದೊಡ್ಡ ಬೇಟೆಪ್ರಾಣಿಗಳನ್ನು ಕಳ್ಳಬೇಟೆಗಾರರು ಮುಗಿಸಿದರೆ ಮೊದಲು ಹೊಟ್ಟೆಗಿಲ್ಲದಂತಾಗುವುದು ಹುಲಿಗೆ.

2004ರಲ್ಲಿ ಕಾರಂತರು ಮತ್ತು ಸಹೋದ್ಯೋಗಿಗಳು ದೇಶದ 11 ಸ್ಥಳಗಳ ಮಾಹಿತಿಯನ್ನು ಜೋಡಿಸಿ ಒಂದು ಮಾದರಿಯನ್ನು ಪರೀಕ್ಷೆಗೆ ಒಡ್ಡಿದರು. ಹುಲಿಗಳು ಪ್ರತಿವರ್ಷ ಬೇಟೆಪ್ರಾಣಿಗಳ ಸುಮಾರು ಹತ್ತರಲ್ಲೊಂದು ಪಾಲನ್ನು ತಿನ್ನುತ್ತವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಪ್ರಾಣಿಗಳು ಬೇಕು. ಹಾಗಾದರೆ ಒಂದು ಹುಲಿಯ ಹಿಂದೆ ಸುಮಾರು 500 ಬೇಟೆಪ್ರಾಣಿಗಳಿರಬೇಕು. ಬ್ಯಾಂಕಿನ ಠೇವಣಿಯಂತೆ ಇದನ್ನು ವಿವರಿಸಬಹುದು: ಹುಲಿ ಬಡ್ಡಿಯನ್ನು ತಿಂದು ಬಾಳುತ್ತದೆ, ಅಸಲು 500. ಒಂದು ಚದರ ಕಿಲೋಮೀಟರಿಗೆ 50 ಬೇಟೆಪ್ರಾಣಿಗಳಿದ್ದರೆ 100 ಚದರ ಕಿಲೋಮೀಟರಿಗೆ 5,000. ಅದನ್ನು 500ರಿಂದ ಭಾಗಿಸಿದರೆ 10 ಹುಲಿಗಳು. ಆ ಹನ್ನೊಂದು ಸ್ಥಳಗಳಲ್ಲಿ ಬೇಟೆಪ್ರಾಣಿಗಳ ಸಾಂದ್ರತೆ ಚದರ ಕಿಲೋಮೀಟರಿಗೆ 5.3ರಿಂದ 63.8ರವರೆಗೂ, ಹುಲಿಗಳ ಸಾಂದ್ರತೆ 100 ಚದರ ಕಿಲೋಮೀಟರಿಗೆ 3.2ರಿಂದ 16.8ರವರೆಗೂ ಇತ್ತು. ಬೇಟೆಪ್ರಾಣಿ ಹೆಚ್ಚಿದಂತೆ ಹುಲಿಯೂ ಹೆಚ್ಚುತ್ತದೆ ಎಂಬ ಮಾದರಿಯ ಮಾತಿಗೆ ಈ ಮಾಹಿತಿ ಹೊಂದಿಕೊಂಡಿತು. ಹುಲಿಯನ್ನು ಉಳಿಸುವುದೆಂದರೆ ಮೊದಲು ಜಿಂಕೆ, ಕಡವೆ, ಕಾಟಿಗಳನ್ನು ಉಳಿಸುವುದು ಎಂಬ ತತ್ತ್ವಕ್ಕೆ ಹೀಗೆ ಅಂಕಿಗಳ ಆಧಾರ ದೊರೆಯಿತು.

2006ರ ಇನ್ನೊಂದು ಅಧ್ಯಯನ ನಾಗರಹೊಳೆಯ ಒಂಬತ್ತು ವರ್ಷಗಳ ಚಿತ್ರಗಳನ್ನು ಆಧರಿಸಿತ್ತು. ಆ ಅವಧಿಯಲ್ಲಿ 74 ಹುಲಿಗಳು ಗುರುತಾಗಿದ್ದವು. ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಉಳಿದುಕೊಳ್ಳುವ ಪ್ರಮಾಣ ಸುಮಾರು 0.77. ಅಂದರೆ ಪ್ರತಿವರ್ಷ ನಾಲ್ಕರಲ್ಲಿ ಹೆಚ್ಚುಕಡಿಮೆ ಒಂದು ಹುಲಿ ಸಾಯುತ್ತಿತ್ತು ಅಥವಾ ಬೇರೆಡೆಗೆ ಹೋಗುತ್ತಿತ್ತು. ಹಾಗಿದ್ದರೂ ಅಲ್ಲಿನ ಹುಲಿಗಳ ಸಂಖ್ಯೆ ಕುಸಿಯಲಿಲ್ಲ. ಹೊಸ ಮರಿಗಳೂ ಹೊರಗಿನಿಂದ ಬಂದವೂ ಜಾಗ ತುಂಬಿದವು. ಒಂದು ಹುಲಿ ಸತ್ತ ಸುದ್ದಿ ಕೇಳಿ ಹುಲಿ ಸಂತತಿಯೇ ಮುಗಿಯಿತೆಂದು ಭಾವಿಸಬೇಕಾಗಿಲ್ಲ; ಬೇಟೆಪ್ರಾಣಿ ತುಂಬಿರುವ, ಕಾವಲು ಭದ್ರವಾಗಿರುವ ಕಾಡಿದ್ದರೆ ಹುಲಿ ತಾನೇ ಚೇತರಿಸಿಕೊಳ್ಳುತ್ತದೆ.

ಸಂರಕ್ಷಿತ ಕಾಡುಗಳ ಆಚೆಗಿನ ವಿಶಾಲ ಪ್ರದೇಶದಲ್ಲಿ ಎಲ್ಲೆಡೆ ಕ್ಯಾಮೆರಾ ಇಡಲಾಗದು. ಅದಕ್ಕಾಗಿ ಕರ್ನಾಟಕದ ಮಲೆನಾಡು ಮತ್ತು ಮೈಸೂರು ಭಾಗದ ಸುಮಾರು 38,000 ಚದರ ಕಿಲೋಮೀಟರ್ ಪ್ರದೇಶವನ್ನು 188 ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಹುಲಿಯ ಕುರುಹು ಹುಡುಕಲಾಯಿತು. ಕುರುಹು ಸಿಗದ ಚೌಕದಲ್ಲಿ ಹುಲಿ ಇಲ್ಲವೆ, ಇದ್ದೂ ಕುರುಹು ಕಣ್ಣಿಗೆ ಬೀಳಲಿಲ್ಲವೆ ಎಂಬುದನ್ನು ಸಂಭವನೀಯತೆಯ ಮೂಲಕ ಬೇರ್ಪಡಿಸಿದ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಮೂಲ ಪ್ರಶ್ನೆ ಅದೇ: ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ.

ಸರಿಸ್ಕಾದ ಪಾಠ

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕ್ಷಿ. ಗಣತಿಯ ದಾಖಲೆಗಳಲ್ಲಿ ಅಲ್ಲಿ ಹುಲಿಗಳಿದ್ದವು. 2005ರ ಆರಂಭದ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು ಬಯಲಾಯಿತು. ಕಳ್ಳಬೇಟೆ ಹುಲಿಗಳನ್ನು ಮುಗಿಸುತ್ತಿದ್ದಾಗ ಕಾಗದದ ಮೇಲಿನ ಹುಲಿಗಳು ಸುರಕ್ಷಿತವಾಗಿದ್ದವು. ಆ ವರ್ಷವೇ ಕೇಂದ್ರ ಸರ್ಕಾರ ಹುಲಿ ಕಾರ್ಯಪಡೆಯನ್ನು ನೇಮಿಸಿತು. ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟು, ಕ್ಯಾಮೆರಾ ಟ್ರ್ಯಾಪ್ ಒಳಗೊಂಡ ಹೊಸ ಅಂದಾಜಿನ ವಿಧಾನವನ್ನು ರಾಷ್ಟ್ರಮಟ್ಟದಲ್ಲಿ ಅನುಸರಿಸಲಾಯಿತು.

2001–02ರ ಹೆಜ್ಜೆಗುರುತಿನ ಗಣತಿ ದೇಶದಲ್ಲಿ 3,642 ಹುಲಿಗಳಿವೆ ಎಂದಿತ್ತು. 2006ರ ಹೊಸ ಅಂದಾಜು 1,411. ಈ ಎರಡು ಸಂಖ್ಯೆಗಳನ್ನು ಕಳೆದು 2,231 ಹುಲಿಗಳು ಸತ್ತವು ಎಂದು ಬರೆಯುವ ವಿದ್ಯಾರ್ಥಿಗೆ ತಪ್ಪನ್ನು ತಿಳಿಸಿಕೊಡಬೇಕು. ಎರಡು ಬೇರೆ ಅಳತೆಗೋಲುಗಳಿಂದ ಅಳೆದದ್ದನ್ನು ಹಾಗೆ ಕಳೆಯಲಾಗದು. ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಕಿಲೋದಲ್ಲಿ ತೂಗಿದ ಅಕ್ಕಿಯನ್ನೂ ನೇರವಾಗಿ ಹೋಲಿಸಿದಂತೆ ಅದು.

ಹೊಸ ವಿಧಾನವೂ ಚರ್ಚೆಗೆ ಹೊರತಾಗಲಿಲ್ಲ. ಚಿಕ್ಕ ಪ್ರದೇಶದ ಕ್ಯಾಮೆರಾ ಅಂದಾಜನ್ನು ಕುರುಹುಗಳ ಎಣಿಕೆಯ ಜೊತೆ ಹೊಂದಿಸಿ ದೊಡ್ಡ ಪ್ರದೇಶಕ್ಕೆ ಅನ್ವಯಿಸುವ ಕ್ರಮದಲ್ಲಿ ಗಣಿತದ ತೊಡಕುಗಳಿವೆಯೆಂದು ಕಾರಂತರೂ ಅವರ ಸಹಲೇಖಕರೂ 2015ರಲ್ಲಿ ವಾದಿಸಿದರು. ಸರ್ಕಾರಿ ಅಂದಾಜಿನಲ್ಲಿ ತೊಡಗಿದ್ದ ವಿಜ್ಞಾನಿಗಳು ತಮ್ಮ ವಿಧಾನವನ್ನು ಸಮರ್ಥಿಸಿಕೊಂಡರು. ವಿಜ್ಞಾನದಲ್ಲಿ ಇಂಥ ವಾಗ್ವಾದ ಸಹಜವೆಂದೂ ವ್ಯಕ್ತಿಯ ಹಿರಿತನಕ್ಕಿಂತ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯೆಂದೂ ಮಕ್ಕಳಿಗೆ ಹೇಳಲು ಇದು ತಕ್ಕ ಸಂದರ್ಭ.

ಕಾಡು ಮತ್ತು ಕಾಡಿನ ಜನ

ಈ ವಿಷಯವನ್ನು ಕಲಿಸುವಾಗ ಒಂದು ಪ್ರಶ್ನೆಯನ್ನು ಬದಿಗೊತ್ತಲಾಗದು. ವಯನಾಡು, ನೀಲಗಿರಿ, ತಾಳವಾಡಿಗಳ ತರಗತಿಗಳಲ್ಲಿ ಕಾಡಿನೊಳಗೆ ಅಥವಾ ಅಂಚಿನಲ್ಲಿ ಬಾಳುವ ಕುಟುಂಬಗಳ ಮಕ್ಕಳಿದ್ದಾರೆ. ಅವರಲ್ಲಿ ಕೆಲವರ ಮನೆಯ ದನವನ್ನು ಹುಲಿ ಹಿಡಿದಿರಬಹುದು. ಕೆಲವರ ಹಿರಿಯರು ಕಾಡಿನಿಂದ ಹೊರಬಂದವರಿರಬಹುದು. ದೊಡ್ಡ ಬೇಟೆಪ್ರಾಣಿಗಳಿಗೂ ಹುಲಿಗೂ ಮನುಷ್ಯರ ಒತ್ತಡವಿಲ್ಲದ ನೆಲೆ ಬೇಕು. ಜನರು ಒಪ್ಪಿ, ನ್ಯಾಯವಾದ ಪುನರ್ವಸತಿಯೊಂದಿಗೆ ಕಾಡಿನಿಂದ ಹೊರಬರುವುದು ಅವರಿಗೂ ಹುಲಿಗೂ ಹಿತ ಎಂಬುದು ಕಾರಂತರ ನಿಲುವು. ಕಾಡನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರ ಹಕ್ಕು ಮೊದಲು ಮಾನ್ಯವಾಗಬೇಕು, ಒಪ್ಪಿಗೆ ಎಂಬುದು ಹೆಸರಿಗಷ್ಟೇ ಆಗಬಾರದು ಎಂಬುದು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಎತ್ತಿಹಿಡಿಯುವವರ ವಾದ.

ಹುಲಿಗೆ ಎಷ್ಟು ಬೇಟೆಪ್ರಾಣಿ ಬೇಕೆಂಬುದನ್ನು ಮಾದರಿ ಹೇಳಬಲ್ಲದು. ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಡಬೇಕೆಂಬುದು ಮಾದರಿಯ ವ್ಯಾಪ್ತಿಗೆ ಬಾರದ ಪ್ರಶ್ನೆ; ಅದು ನ್ಯಾಯದ ವಿಚಾರ. ಶಿಕ್ಷಕರು ಎರಡೂ ವಾದಗಳನ್ನು ಮುಂದಿಡಬೇಕು. ಕಾಡಿನ ಮಗು ತನ್ನ ಅನುಭವವನ್ನು ಹೇಳಲು ಮುಂದಾದರೆ ಅದಕ್ಕೆ ಎಡೆ ಕೊಡಬೇಕು. ಹೇಳಲು ಒಲ್ಲದಿದ್ದರೆ ಒತ್ತಾಯಿಸಬಾರದು.

ತರಗತಿಯಲ್ಲಿ

ಚಟುವಟಿಕೆ ಒಂದು. ಒಂದು ಬಟ್ಟೆಚೀಲದಲ್ಲಿ ಕೆಲವು ಹಿಡಿ ಹುಣಸೆಬೀಜಗಳನ್ನು ಹಾಕಬೇಕು, ಎಷ್ಟೆಂದು ಎಣಿಸಬಾರದು. ಅದರಿಂದ 40 ಬೀಜಗಳನ್ನು ತೆಗೆದು ಬಿಳಿ ಬಣ್ಣದ ಗುರುತು ಹಾಕಿ, ಒಣಗಿದ ಮೇಲೆ ಮರಳಿ ಚೀಲಕ್ಕೆ ಸೇರಿಸಿ ಚೆನ್ನಾಗಿ ಕಲಕಬೇಕು. ಬಳಿಕ ಕಣ್ಣುಮುಚ್ಚಿ 50 ಬೀಜಗಳನ್ನು ತೆಗೆದು, ಗುರುತಿರುವವು ಎಷ್ಟೆಂದು ನೋಡಬೇಕು. ಹತ್ತು ಸಿಕ್ಕರೆ ಅಂದಾಜು 40 × 50 ÷ 10 = 200. ಬೀಜಗಳನ್ನು ಮತ್ತೆ ಚೀಲಕ್ಕೆ ಹಾಕಿ, ಪ್ರತಿ ಗುಂಪೂ ಇದೇ ಕ್ರಮವನ್ನು ಅನುಸರಿಸಲಿ. ಎಲ್ಲ ಗುಂಪುಗಳ ಅಂದಾಜುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಸರಾಸರಿ ತೆಗೆಯಬೇಕು. ಕೊನೆಗೆ ಬೀಜಗಳನ್ನೆಲ್ಲ ಸುರಿದು ಎಣಿಸಿ ಹೋಲಿಸಬೇಕು. ಒಂದೇ ಚೀಲಕ್ಕೆ ಬೇರೆ ಬೇರೆ ಉತ್ತರ ಏಕೆ ಬಂತು, 50ರ ಬದಲು 15 ಬೀಜ ತೆಗೆದರೆ ಉತ್ತರಗಳು ಇನ್ನೂ ಚೆದುರುತ್ತವೆಯೆ, ಸರಿಯಾಗಿ ಕಲಕದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಮಕ್ಕಳ ಮುಂದಿಡಬೇಕು. ಕಾಡಿನ ವಿಜ್ಞಾನಿ ಕೊನೆಯ ಹೆಜ್ಜೆ ಇಡಲಾರ, ಚೀಲವನ್ನು ಸುರಿದು ನೋಡುವ ಅವಕಾಶ ಆತನಿಗಿಲ್ಲ ಎಂಬುದನ್ನು ನೆನಪಿಸಿದರೆ ಮಾದರಿಯ ಅಗತ್ಯ ತಾನಾಗಿಯೇ ಮನದಟ್ಟಾಗುತ್ತದೆ.

ಚಟುವಟಿಕೆ ಎರಡು. ಗಡಿನಾಡಿನ ಮಕ್ಕಳ ಕಿವಿಗೆ ಎರಡು ಮೂರು ಭಾಷೆಗಳು ಬೀಳುತ್ತವೆ. ತುಳುವಿನ ಪಿಲಿ, ತಮಿಳಿನ ಪುಲಿ, ಮರಾಠಿಯ ವಾಘ್, ತೆಲುಗಿನ ಪೆದ್ದಪುಲಿ ಎಲ್ಲವೂ ನಮ್ಮ ಹುಲಿಯೇ. ಆದರೆ ಇಂದಿನ ಮಲಯಾಳದಲ್ಲಿ ‘ಪುಲಿ’ ಎಂದರೆ ಸಾಮಾನ್ಯವಾಗಿ ಚಿರತೆ. ಹುಲಿಗೆ ‘ಕಡುವ’ ಎನ್ನುತ್ತಾರೆ. ಊರಿಗೆ ಪುಲಿ ಬಂತೆಂಬ ಸುದ್ದಿಯನ್ನು ಕಾಸರಗೋಡಿನ ಅಥವಾ ವಯನಾಡಿನ ಕನ್ನಡದ ಮಗು ಹುಲಿ ಎಂದು ಬರೆದರೆ ಎಣಿಕೆಯೇ ತಪ್ಪುತ್ತದೆ. ಜಿಂಕೆ, ಕಡವೆ, ಕಾಟಿ, ಸೀಳುನಾಯಿಗಳಿಗೆ ಮನೆಯಲ್ಲಿ, ಊರಿನಲ್ಲಿ, ರಾಜ್ಯಭಾಷೆಯಲ್ಲಿ ಇರುವ ಹೆಸರುಗಳನ್ನು ಹಿರಿಯರಿಂದ ಕೇಳಿ ಮಕ್ಕಳು ಪಟ್ಟಿಮಾಡಲಿ.

ಪದಬಳಕೆಯ ಸೂಚನೆ. ಕನ್ನಡದಲ್ಲಿ ‘ಮಾದರಿ’ ಎಂಬ ಒಂದೇ ಪದ ನಮೂನೆಗೂ ಗಣಿತದ ಪ್ರತಿರೂಪಕ್ಕೂ ಬಳಕೆಯಾಗುತ್ತಿದ್ದು ಗೊಂದಲಕ್ಕೆ ಕಾರಣವಾಗುತ್ತದೆ. ಚೀಲದಿಂದ ತೆಗೆದ 50 ಬೀಜಗಳಿಗೆ ‘ನಮೂನೆ’ ಎಂದೂ ಲೆಕ್ಕದ ಸೂತ್ರಕ್ಕೆ ‘ಮಾದರಿ’ ಎಂದೂ ಹೇಳಿದರೆ ಸ್ಪಷ್ಟ. ಅಂತೆಯೇ ಒಂದೊಂದನ್ನೂ ಎಣಿಸುವುದು ‘ಗಣತಿ’. ಕೆಲವನ್ನು ಕಂಡು ಉಳಿದುದನ್ನು ತರ್ಕಿಸುವುದು ‘ಅಂದಾಜು’. ಹುಲಿಯ ವಿಷಯದಲ್ಲಿ ಆಗುವುದು ಅಂದಾಜು ಮಾತ್ರ.

ಉಲ್ಲಾಸ ಕಾರಂತರು ಕನ್ನಡದಲ್ಲಿಯೂ ಬರೆದಿದ್ದಾರೆ. ಅವರ ‘ಹುಲಿರಾಯನ ಆಕಾಶವಾಣಿ’ ಶಾಲಾ ಗ್ರಂಥಾಲಯಕ್ಕೆ ಯೋಗ್ಯ ಪುಸ್ತಕ. ಸಂಭವನೀಯತೆಯಂಥ ಕಠಿಣ ವಿಷಯವನ್ನು ಕನ್ನಡದಲ್ಲಿ ಯೋಚಿಸಬಹುದೆ ಎಂಬ ಅನುಮಾನ ಗಡಿನಾಡಿನ ಮಕ್ಕಳಲ್ಲಿ ಮಾತ್ರವಲ್ಲ, ಅವರ ಪೋಷಕರಲ್ಲಿಯೂ ಆಗಾಗ ಏಳುತ್ತದೆ. ಒಂದು ಹಿಡಿ ಹುಣಸೆಬೀಜದಿಂದ ಕಾಣದ ಹುಲಿಯನ್ನು ಎಣಿಸುವ ವಿದ್ಯೆಯನ್ನು ತಾಯ್ನುಡಿಯಲ್ಲಿ ಕಲಿತ ಮಗುವಿಗೆ ಆ ಅನುಮಾನಕ್ಕೆ ಬೇರೆ ಉತ್ತರ ಬೇಕಾಗುವುದಿಲ್ಲ.